ಹಲ್ಲಿಗೆ ಟ್ಯೂಷನ್ ಇಲ್ಲ, ಒತ್ತಕ್ಷರಕ್ಕೆ ಮಾತ್ರ ಯಾಕೆ?

ನಿನ್ನೆ ನಮ್ಮ ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಫೋನಲ್ಲಿ ಹೇಳ್ತಾ ಇದ್ದರು, "ಎರಡನೇ ಕ್ಲಾಸಿಗೆ ಬಂದಾಯ್ತು, ಇನ್ನೂ ಒತ್ತಕ್ಷರ ತಪ್ಪುತ್ತಾನೆ, ಟ್ಯೂಷನ್ನಿಗೆ ಹಾಕದೆ ಆಗ್ಲಿಕ್ಕಿಲ್ಲ ಅಕ್ಕಾ." ಹುಡುಗ ಅವರ ಮಡಿಲಲ್ಲಿ ಕೂತು ಅಲುಗಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತಿದ್ದ. ಬದಿಯಡ್ಕ ಬರುವವರೆಗೂ ಅದೇ ಕೆಲಸ.

ಆ ಹಲ್ಲು ಒಬ್ಬನಿಗೆ ಐದೂವರೆಗೇ ಬೀಳುತ್ತದೆ, ಇನ್ನೊಬ್ಬನಿಗೆ ಏಳಾದರೂ ಅಲುಗಾಡುವುದಿಲ್ಲ. ಅದಕ್ಕೆ ಯಾರೂ ಟ್ಯೂಷನ್ ಹುಡುಕುವುದಿಲ್ಲ ಅಲ್ವಾ?

ನಾನೇನೂ ಕಮ್ಮಿ ಇರಲಿಲ್ಲ ಬಿಡಿ. ಮಗನಿಗೆ ಐದು ವರ್ಷ ಇದ್ದಾಗ ಒಂದು ಮಧ್ಯಾಹ್ನ ಅವನಿಗೂ ಅಕ್ಕನಿಗೂ ಒಂದೇ ತರದ ಲೋಟದಲ್ಲಿ ಸಮ ಮಜ್ಜಿಗೆ ಕೊಟ್ಟಿದ್ದೆ. ಅವಳು ತನ್ನದನ್ನು ಸಪೂರ ಗ್ಲಾಸಿಗೆ ಹೊಯ್ದುಕೊಂಡಳು, ಮಜ್ಜಿಗೆ ಎತ್ತರಕ್ಕೆ ಬಂತು, ಇವನು ಶುರು ಮಾಡಿದ: "ಅಕ್ಕಂಗೆ ಜಾಸ್ತಿ!" ವಾಪಸ್ ಲೋಟಕ್ಕೆ ಹೊಯ್ದು ತೋರಿಸಿದೆ, ಸಮ ಅಂತ ಒಪ್ಪಿದ. ಪುನಃ ಗ್ಲಾಸಿಗೆ ಹೊಯ್ದರೆ ಪುನಃ ಅಳು. ಹಟಮಾರಿ ಅಂತ ಗದರಿಸಿಬಿಟ್ಟೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಅಂಥದ್ದನ್ನೇ ಎಷ್ಟೋ ಮಕ್ಕಳ ಮುಂದೆ ಮಾಡಿ ನೋಡಿದ್ದರು ಅಂತ ಗೊತ್ತಾದದ್ದು ಆಮೇಲೆ. ಸುಮಾರು ಏಳು ವರ್ಷದವರೆಗೆ ಮಗು ಎತ್ತರ ನೋಡಿದರೆ ಎತ್ತರವನ್ನೇ ನೋಡುತ್ತದೆ, ಅಗಲ ಲೆಕ್ಕಕ್ಕೆ ಬರುವುದಿಲ್ಲ. ಹೋದ ಬೇಸಿಗೆಯಲ್ಲಿ, ಇವನಿಗೆ ಏಳು ದಾಟಿತ್ತು, ಅದೇ ಲೋಟ ಅದೇ ಗ್ಲಾಸ್ ಇಟ್ಟೆ. "ಗ್ಲಾಸು ಸಪೂರ ಅಷ್ಟೇ ಅಮ್ಮಾ" ಅಂದು ಕುಡಿದು ಓಡಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಹೊರೆ ಇದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯವರದ್ದು ಹವ್ಯಕ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೆ ಮಗು ಗೊಂದಲದಲ್ಲಿದೆ ಅಂತ ಹೆದರುತ್ತೇವೆ. ಗೊಂದಲ ಅಲ್ಲ ಮಾರಾಯ್ರೆ. ನಮ್ಮವನು ಅಜ್ಜಿ ಹತ್ತಿರ "ಬಡವಾಪುಂಡು" ಅನ್ನುತ್ತಾನೆ, ಟೀಚರ್ ಹತ್ತಿರ "ಹಸಿವಾಗ್ತಿದೆ" ಅನ್ನುತ್ತಾನೆ. ಯಾರಿಗೆ ಯಾವುದು ಅಂತ ಗೊತ್ತಿರುವ ಮಗು ಅದು. ಹಾಗಂತ ಎಂಟು ದಾಟಿದರೂ ಓದಲಿಕ್ಕೆ ತುಂಬ ಕಷ್ಟಪಡುತ್ತಿದ್ದರೆ ಸುಮ್ನೆ ಕೂರಬೇಡಿ, ಮೊದಲು ಕಣ್ಣು, ಕಿವಿ ತೋರಿಸಿ. ಟ್ಯೂಷನ್ ಆಮೇಲೆ.

ನನಗೆ ಜಾಸ್ತಿ ಸಿಟ್ಟು ಬರುವುದು ಮೂರು, ನಾಲ್ಕನೇ ಕ್ಲಾಸಿನ ವಿಷಯಕ್ಕೆ. ಒಂದನೇ ಕ್ಲಾಸಿನ ಮಗುವನ್ನು ಕೇಳಿ, ಓಟದಲ್ಲಿ ನಾನೇ ಫಸ್ಟ್, ಚಿತ್ರದಲ್ಲೂ ನಾನೇ. ಎಂಟು ವರ್ಷದ ಹೊತ್ತಿಗೆ ಅದು ಪಕ್ಕದವನ ಪುಸ್ತಕ ನೋಡಿ ತನ್ನನ್ನು ತೂಗಲು ಕಲಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆ ಅಂತ ಹಿಂದೆ ಬೀಳುತ್ತೇವೆ. ಮಗಳಿಗೆ ಅದು ಸಿಗಲಿಲ್ಲ. ಮನೆಗೆ ಬಂದವರೊಬ್ಬರು ಅವಳ ಎದುರಲ್ಲೇ "ಆಚೆ ಮನೆಯವಳಿಗೆ ಸಿಕ್ಕಿತಂತೆ" ಅಂದರು. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಈಗಲೂ ಅದು ಚುಚ್ಚುತ್ತದೆ. ಆ ವಾರವಿಡೀ ಅವಳು ಚಿತ್ರದ ಪುಸ್ತಕ ಮುಟ್ಟಲಿಲ್ಲ.

ಈಗ ಅವಳು ಐದನೇ ಕ್ಲಾಸು. ಹುಡುಗಿಯರ ಮೈ ಎಂಟರಿಂದ ಹದಿಮೂರರ ಒಳಗೆ ಯಾವಾಗ ಬೇಕಾದರೂ ಬದಲಾಗಲು ಶುರುವಾಗಬಹುದು. ಒತ್ತಕ್ಷರದ ಬಗ್ಗೆ ಅಷ್ಟು ಮಾತಾಡುವ ನಾವು ಇದನ್ನು ಮಾತ್ರ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತೇವೆ. ನಾನು ಹೇಳಿಯಾಯಿತು. "ಗೊತ್ತುಂಟು" ಅಂದಳು.

ನಿನ್ನೆ ಸಂಜೆ ಅಂಗಳದಲ್ಲಿ ಇಬ್ಬರದ್ದೂ ಗೇರುಬೀಜದ ಆಟ. ಮಗ ಗೆರೆ ದಾಟಿ ನಿಂತು ಹೊಡೆದ. "ರೂಲ್ಸ್ ಅಂದ್ರೆ ರೂಲ್ಸ್" ಅಂತ ತಾನೇ ಮೊನ್ನೆ ಅತ್ತವನು! ಅವಳು ಜಗಳ ಮಾಡಲಿಲ್ಲ. ಸ್ವಲ್ಪ ಯೋಚಿಸಿ, "ಸರಿ, ನೀನು ಸಣ್ಣವ, ನಿಂಗೆ ಗೆರೆ ಇಲ್ಲಿ, ನಂಗೆ ಅಲ್ಲಿ, ಆಗ್ತದಾ?" ಅಂತ ಕಾಲಿನಿಂದ ಮಣ್ಣಲ್ಲಿ ಇನ್ನೊಂದು ಗೆರೆ ಎಳೆದಳು.