ಕರೆಂಟಿನ ಸಲಹಾ ಸಮಿತಿಗೆ ಎಣ್ಮಕಜೆಯಿಂದ ಒಬ್ಬರು ಬೇಕು

ನಮ್ಮ ಕಾಸರಗೋಡಿನ ಕಡೆ ಬ್ರಹ್ಮಕಲಶೋತ್ಸವದ ಆಮಂತ್ರಣ ಕೈಗೆ ಬಂದರೆ ಹೆಚ್ಚಿನವರು ಮುಹೂರ್ತ ನೋಡುವ ಮೊದಲು ಸಮಿತಿಗಳ ಪಟ್ಟಿ ನೋಡುತ್ತಾರೆ. ಅದರಲ್ಲಿ 'ಸಲಹಾ ಸಮಿತಿ' ಅಂತ ಒಂದು ಇದ್ದೇ ಇರುತ್ತದೆ. ಹೆಸರು ಹಾಕದಿದ್ದರೆ ಮುನಿಸಿಕೊಳ್ಳುವವರನ್ನೆಲ್ಲ ಅಲ್ಲಿ ಕೂರಿಸುತ್ತೇವೆ. ಸಲಹೆ ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ. ದೇವಸ್ಥಾನಕ್ಕೆ ಇದರಿಂದ ನಷ್ಟವೇನೂ ಇಲ್ಲ. ಕರೆಂಟು ದರದ ವಿಷಯದಲ್ಲಿ ಇದೇ ಪದ್ಧತಿ ನಡೆದರೆ ಮಾತ್ರ ನಷ್ಟವಾಗುವವರು ಇದ್ದಾರೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ಕರೆಂಟಿನ ದರ ನಿಗದಿ ಮಾಡುವ ಪ್ರತಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಒಂದು ಸಲಹಾ ಸಮಿತಿ ರಚಿಸಬಹುದು. 'ಬಹುದು' ಅಷ್ಟೇ, ರಚಿಸಲೇಬೇಕೆಂದಿಲ್ಲ. ಹೆಚ್ಚೆಂದರೆ 21 ಮಂದಿ. ವಾಣಿಜ್ಯ, ಕೈಗಾರಿಕೆ, ಸಾರಿಗೆ, ಕೃಷಿ, ಕಾರ್ಮಿಕರು, ಗ್ರಾಹಕರು, ಸ್ವಯಂಸೇವಾ ಸಂಸ್ಥೆಗಳು, ವಿದ್ಯಾಸಂಸ್ಥೆಗಳು, ಇಷ್ಟು ವರ್ಗದವರನ್ನು ಪ್ರತಿನಿಧಿಸುವಂತಿರಬೇಕು. ಆಯೋಗದ ಅಧ್ಯಕ್ಷರೇ ಸಮಿತಿಗೂ ಅಧ್ಯಕ್ಷರು. ಬಡ ಗ್ರಾಹಕ ಎಂಬ ವರ್ಗ ಈ ಪಟ್ಟಿಯಲ್ಲಿಲ್ಲ, 'ಗ್ರಾಹಕರು' ಎನ್ನುವುದರೊಳಗೆ ಸೇರಿಹೋಗಿದ್ದಾನೆ. ಸಾವಿರ ಯೂನಿಟ್ ಉರಿಸುವವನೂ ಗ್ರಾಹಕನೇ, ಎರಡು ಬಲ್ಬಿನವಳೂ ಗ್ರಾಹಕಳೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. ಅಲ್ಲಿಯ ನಿಯಂತ್ರಣ ಆಯೋಗಕ್ಕೆ ಕಡಿಮೆ ಆದಾಯದವರ ಕರೆಂಟು, ಗ್ಯಾಸು, ನೀರಿನ ಬಗ್ಗೆ ಮಾತ್ರ ಸಲಹೆ ಕೊಡಲು 2001ರಿಂದ ಒಂದು ಮಂಡಳಿಯಿದೆ. ಹನ್ನೊಂದು ಸದಸ್ಯರು. ರಾಜ್ಯಪಾಲರು ಒಬ್ಬರನ್ನು, ಶಾಸಕಾಂಗದ ಎರಡು ಸದನಗಳ ಕಡೆಯಿಂದ ಒಬ್ಬೊಬ್ಬರನ್ನು ನೇಮಿಸುತ್ತಾರೆ. ಕಂಪೆನಿಗಳ ಪ್ರತಿನಿಧಿಗಳಿಗೂ ಜಾಗವಿದೆ. ನನಗೆ ಹಿಡಿಸಿದ್ದು ಉಳಿದ ಐದು ಸ್ಥಾನಗಳಿಗೆ ಹಾಕಿದ ಕಟ್ಟುಪಾಡು. ಆ ಐವರು ಬಡವರ ಬದುಕು ಬಲ್ಲವರಾಗಿರಬೇಕು, ಸರಕಾರದ ಯಾವ ಇಲಾಖೆಗಾಗಲಿ ಕಂಪೆನಿಗಾಗಲಿ ಸೇರಿದವರಾಗಿರಬಾರದು, ರಾಜ್ಯದ ಬೇರೆ ಬೇರೆ ಭಾಗಗಳಿಂದ ಬಂದವರಾಗಿರಬೇಕು. ಅಮೆರಿಕದ್ದೆಲ್ಲ ನಮಗೆ ಮಾದರಿ ಅಂತ ನಾನು ಹೇಳುವುದಿಲ್ಲ. ಅಲ್ಲಿಯ ಬಿಲ್ಲು ನೋಡಿದರೆ ನಮ್ಮವರು ಮೂರ್ಛೆ ಹೋದಾರು. ಈ ಮೂರು ಶರತ್ತು ಮಾತ್ರ ಬೇಕು.

ಯಾಕೆ ಬೇಕು ಅಂತ ತಿಳಿಯಲು ಸಾರಡ್ಕದ ಗಡಿ ದಾಟಿ ಕರ್ನಾಟಕದೊಳಗೆ ನೋಡಬೇಕು. ವಿಟ್ಲದ ಕಡೆಯಿರುವ ನಮ್ಮ ನೆಂಟರ ಮನೆಗೆ 2023ರಿಂದ ಗೃಹಜ್ಯೋತಿ ಬಂದಿದೆ. 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟಿನೊಳಗಿದ್ದರೆ ಬಿಲ್ಲು ಸೊನ್ನೆ. ಅವರಿಗೆ ಅಡಿಕೆ ತೋಟವಿದೆ, ಕಾರಿದೆ, ಸೊನ್ನೆ ಬಿಲ್ಲೂ ಇದೆ. ಇದು ಸರಿಯೇ ಅಂತ ಕೇಳಿದರೆ ಅವರೇ ನಗುತ್ತಾರೆ. ಆದರೆ ಬಡವರು ಯಾರು ಅಂತ ಅಲ್ಲಿ ಯಾರೂ ಹುಡುಕಬೇಕಾಗಿಲ್ಲ, ಆದಾಯದ ಸರ್ಟಿಫಿಕೇಟಿಗೆ ಯಾರೂ ಅಲೆಯಬೇಕಾಗಿಲ್ಲ.

ಇತ್ತ ಕೇರಳದಲ್ಲಿ ಕೊಡುವುದು ಅಳೆದು ತೂಗಿ. ಬಿಪಿಎಲ್ ಮನೆಯ ರಿಯಾಯಿತಿ ದರ ಸಿಗಬೇಕಾದರೆ ತಿಂಗಳಿಗೆ 40 ಯೂನಿಟ್ ಮೀರಬಾರದು, ಮನೆಯ ಕನೆಕ್ಟೆಡ್ ಲೋಡ್, ಅಂದರೆ ಎಲ್ಲ ಉಪಕರಣಗಳ ಒಟ್ಟು ವಾಟ್, 1000 ದಾಟಬಾರದು. ಒಂದು ಮಿಕ್ಸಿ 500ರಿಂದ 750 ವಾಟ್, ಒಂದು ಇಸ್ತ್ರಿಪೆಟ್ಟಿಗೆ ಸುಮಾರು ಅಷ್ಟೇ. ಮಗಳ ಮದುವೆಗೆ ಯಾರೋ ಮಿಕ್ಸಿ ಕೊಟ್ಟು, ಮಗನ ಶಾಲೆಯ ಅಂಗಿಗೆ ಇಸ್ತ್ರಿಪೆಟ್ಟಿಗೆ ತಂದಿಟ್ಟರೆ ಆ ಮನೆ ಲೆಕ್ಕದಲ್ಲಿ ಬಡತನದಿಂದ ಹೊರಗೆ ಬಿತ್ತು. ಮತ್ತೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಏಪ್ರಿಲ್-ಮೇಯ ಸೆಕೆಗೆ ರಾತ್ರಿಯಿಡೀ ಫ್ಯಾನ್ ತಿರುಗಿಸಿದವರಿಗೆ ಮಳೆ ಹಿಡಿದು ಕೂಲಿ ಕೆಲಸ ಕಡಿಮೆಯಾದ ಜೂನಿನಲ್ಲಿ ಬಿಲ್ಲು ಬಂದು ಬೀಳುತ್ತದೆ. ಇದು ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ ಗೊತ್ತು. ದರ ನಿಗದಿ ಮಾಡುವ ಮೇಜಿನ ಸುತ್ತ ಇರುವವರಿಗೆ ಗೊತ್ತಿರಬೇಕೆಂದಿಲ್ಲ.

ಇನ್ನೊಂದು ಇದೆ, ಅದು ನಮ್ಮ ಜಿಲ್ಲೆಯದೇ. ಎಂಡೋಸಲ್ಫಾನ್ ಸಂತ್ರಸ್ತರ ಕುಟುಂಬಗಳಿಗೆ ತಿಂಗಳಿಗೆ 150 ಯೂನಿಟಿನವರೆಗೆ ಯೂನಿಟಿಗೆ ಒಂದೂವರೆ ರೂಪಾಯಿಯ ದರವನ್ನು ಕೇರಳದ ದರಪಟ್ಟಿಯಲ್ಲಿ ಇಟ್ಟಿದ್ದಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕದ ವಿಷ ಚೆಲ್ಲಿದ್ದು 2000ದವರೆಗೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕನ್ನಡ ಊರುಗಳಲ್ಲಿ ಹಾಸಿಗೆ ಹಿಡಿದವರು ಇವತ್ತಿಗೂ ಇದ್ದಾರೆ. ಒಳ್ಳೆಯ ನಿಯಮ, ಅದನ್ನು ಬರೆದವರಿಗೆ ಪುಣ್ಯ ಬರಲಿ. ಆದರೆ ಅದು ಇರುವುದು ಇಂಗ್ಲಿಷಿನ ದಪ್ಪ ಆದೇಶವೊಂದರ ಅಡಿಟಿಪ್ಪಣಿಯಂಥ ಜಾಗದಲ್ಲಿ. ಕರೆಂಟಿನ ಸೆಕ್ಷನ್ ಆಫೀಸಿಗೆ ದಾಖಲೆ ಹಿಡಿದು ಹೋದವರಿಗೆ ಸಿಗುತ್ತದೆ. ಹೋಗಬೇಕೆಂದು ತಿಳಿಯದವರಿಗೆ ಯಾರು ಹೇಳಬೇಕು? ಎಷ್ಟು ಮನೆಗೆ ಹಕ್ಕಿದೆ, ಎಷ್ಟು ಮನೆಗೆ ತಲುಪಿದೆ ಅಂತ ಸಮಿತಿಯಲ್ಲಿ ಎದ್ದುನಿಂತು ಕೇಳಲು ಒಬ್ಬರಿರಬೇಕಲ್ಲ.

2024ರಲ್ಲಿ ದರ ಏರಿಸುವ ಮೊದಲು ಆಯೋಗ ಸಾರ್ವಜನಿಕರ ಅಹವಾಲು ಕೇಳಿದ್ದು ಕೋಝಿಕ್ಕೋಡು, ಪಾಲಕ್ಕಾಡು, ಎರ್ನಾಕುಳಂ, ತಿರುವನಂತಪುರದಲ್ಲಿ. ನಮಗೆ ಅದರಲ್ಲಿ ಹತ್ತಿರದ್ದು ಕೋಝಿಕ್ಕೋಡು. ಮಂಜೇಶ್ವರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಾಗೆ ನೋಡಿದರೆ ಸಂವಿಧಾನದ 350ನೇ ವಿಧಿ ಯಾವ ಅಧಿಕಾರಿಗೂ ಕನ್ನಡದಲ್ಲೇ ಅಹವಾಲು ಕೊಡುವ ಹಕ್ಕು ಕೊಟ್ಟಿದೆ, ಕೇರಳದ 1969ರ ಭಾಷಾ ಕಾಯ್ದೆಯೂ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಇಟ್ಟಿದೆ. ನಾವು ಅದನ್ನು ಶಾಲೆ ಮತ್ತು ಪಿಎಸ್‌ಸಿಯ (ಸರಕಾರಿ ನೌಕರಿಯ ನೇಮಕಾತಿಯ) ಜಗಳಕ್ಕೆ ಮಾತ್ರ ಬಳಸಿದ್ದೇವೆ. ಗಡಿಯ ಕನ್ನಡ ಸಂಘಗಳ ಮನವಿಗಳಲ್ಲಿ ಕರೆಂಟು ಬಿಲ್ಲಿನ ಮಾತು ನನ್ನ ಕಣ್ಣಿಗೆ ಬಿದ್ದಿಲ್ಲ. ಬಡವರ ಬಿಲ್ಲಿಗಿಂತ ಬೋರ್ಡಿನ ಮೇಲಿನ ಕನ್ನಡ ಅಕ್ಷರ ನಮಗೆ ಬೇಗ ಕಾಣುತ್ತದೆ.

ಯಾರನ್ನು ನೇಮಿಸಬೇಕು ಅಂತ ಕೇಳಿದರೆ ನನ್ನ ಉತ್ತರ ಸುಲಭ. ಕೇರಳದ ಹೆಂಗಸರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ವಾರ್ಡು ಮಟ್ಟದಲ್ಲಿ ಹತ್ತು ವರ್ಷ ಲೆಕ್ಕದ ಪುಸ್ತಕ ಬರೆದ ಯಾವ ಹೆಂಗಸಾದರೂ ಆದೀತು. ಯಾವ ಮನೆಯಲ್ಲಿ ಫ್ಯೂಸು ಕಿತ್ತಿದ್ದಾರೆ, ಯಾರು ಸಾಲ ಮಾಡಿ ಬಿಲ್ಲು ಕಟ್ಟಿದ್ದಾರೆ ಅಂತ ಅವರ ಬಾಯಲ್ಲಿ ಲೆಕ್ಕವಿದೆ. ಪಕ್ಷದ ಜಿಲ್ಲಾ ಕಚೇರಿಯಿಂದ ಹೆಸರು ಬರುವ ಪದ್ಧತಿ ಬೇಡ; ಆಯೋಗವೇ ಪತ್ರಿಕೆಯಲ್ಲಿ ಅರ್ಜಿ ಕರೆಯಲಿ, ಕನ್ನಡ ಪತ್ರಿಕೆಯಲ್ಲೂ ಕರೆಯಲಿ. ಕಾಯ್ದೆ ತಿದ್ದುವುದಕ್ಕೆ ಕಾಯಬೇಕಾಗಿಲ್ಲ, 'ಗ್ರಾಹಕರು' ಎಂಬ ವರ್ಗದ ಒಂದು ಕುರ್ಚಿ ಇವರಿಗೆ ಮೀಸಲಿಟ್ಟರಾಯಿತು.

ತಿರುವನಂತಪುರದ ಸಭೆಗೆ ಹೋಗಿಬರಲು ಎರಡು ರಾತ್ರಿ ರೈಲು, ಎರಡು ದಿನದ ಕೂಲಿ ಹೋಗುತ್ತದೆ. ಭತ್ಯೆ ಲೆಕ್ಕ ಹಾಕುವವರು ಟಿಕೇಟಿನ ಜೊತೆ ಆ ಕೂಲಿಯನ್ನೂ ಸೇರಿಸಲಿ. ಅದೂ ಕಷ್ಟವೆಂದರೆ ಮಂಜೇಶ್ವರದ ಬ್ಲಾಕ್ ಪಂಚಾಯತಿನಲ್ಲಿ ಒಂದು ಪರದೆ ಹಾಕಿ ಅಲ್ಲಿಂದಲೇ ಸಭೆಗೆ ಸೇರಿಸಲಿ, ಆದರೆ ಸಭೆಯ ಕಾಗದಗಳು ಒಂದು ವಾರ ಮೊದಲೇ ಕನ್ನಡದಲ್ಲಿ ಅವರ ಕೈಗೆ ಬಂದಿರಬೇಕು.