ಜಿಂಕೆಗೇನು ಕೊಂಬು ಬಂದಿದೆಯಾ?

ನಮ್ಮಲ್ಲಿ ಯಾರಾದರೂ ಸ್ವಲ್ಪ ಮೆರೆದರೆ 'ಅವನಿಗೇನು ಕೊಂಬು ಬಂದಿದೆಯಾ?' ಅಂತ ಕೇಳುತ್ತೇವೆ. ಉತ್ತರ ಯಾರಿಗೂ ಬೇಕಿರುವುದಿಲ್ಲ. ನಾನಿರುವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಇದು ಸರ್ಕಾರಿ ಪ್ರಶ್ನೆ. ಕೊಂಬು ಬಂದಿದೆಯಾ? ಬಂದಿದ್ದರೆ ಒಂದು ಕಡೆಗೆ ಎಷ್ಟು ಕವಲು? ಎರಡಾ, ಮೂರಾ? ಕವಲು ಒಂದು ಇಂಚಾದರೂ ಉದ್ದ ಇದೆಯಾ? ಉತ್ತರ ಸರಿಯಾದರೆ ಜಿಂಕೆ ಸಾಯುತ್ತದೆ. ತಪ್ಪಾದರೂ ಜಿಂಕೆ ಸಾಯುತ್ತದೆ, ಆದರೆ ದಂಡ ಬೀಳುತ್ತದೆ.

ಇಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ಬರೀ ಕಾನೂನುಬದ್ಧ ಅಂದರೆ ಸಾಲದು, ಅದೊಂದು ಹಬ್ಬ. ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮರು ಸೋಮವಾರ ಕೋವಿ ಸೀಸನ್ ಶುರುವಾಗುತ್ತಿತ್ತು. ಆವತ್ತು ಹಳ್ಳಿ ಕಡೆಯ ಶಾಲೆಗಳಿಗೆ ರಜೆ. 2019ರಲ್ಲಿ ಶುರುವಿನ ದಿನವನ್ನು ಶನಿವಾರಕ್ಕೆ ತಂದರು. ಆದರೂ ಎಷ್ಟೋ ಶಾಲೆಗಳು ಸೋಮವಾರದ ರಜೆಯನ್ನು ಬಿಟ್ಟುಕೊಡಲಿಲ್ಲ. ಕೊಟ್ಟ ರಜೆ ವಾಪಸ್ ಕೇಳುವ ಧೈರ್ಯ ಯಾವ ಊರಿನಲ್ಲಿದೆ ಹೇಳಿ.

ಪಕ್ಕದ ಮನೆಯ ಅಜ್ಜ ಎಪ್ಪತ್ತು ದಾಟಿದ ಬೇಟೆಗಾರ. ನಾನು ಎರಡು ಸಲ ಸೊಳ್ಳೆ ಹೊಡೆದು ಪಶ್ಚಾತ್ತಾಪ ಪಟ್ಟವನು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಜನ ಇರುವ ಮನೆಯಿಂದ 150 ಗಜದೊಳಗೆ ಕೋವಿ ಹಿಡಿದು ಬೇಟೆಯಾಡುವಂತಿಲ್ಲ. ಈ ಕಾಯಿದೆ ಬೇಟೆಗಾರರಿಗಿಂತ ಜಿಂಕೆಗಳಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ನನ್ನ ಬಸಳೆ ಚಪ್ಪರ ಬೋಳಿಸುತ್ತವೆ, ನವೆಂಬರಿನಲ್ಲಿ ಹಿತ್ತಲಲ್ಲೇ ಬಿಡಾರ ಹೂಡುತ್ತವೆ.

ಬೇಟೆಗಾರರಲ್ಲಿ ಎರಡು ಪಕ್ಷ. ಒಂದು 'ಕಂದು ಕಂಡರೆ ಕೆಡವು' ಪಕ್ಷ. ಜಿಂಕೆ ಕಂಡಿತಾ, ಹೊಡಿ, ಮನೆಗೆ ನಡಿ, ಕೊಂಬನ್ನೇನು ಸಾರು ಮಾಡ್ತೀಯಾ ಅನ್ನುವವರು. ಇನ್ನೊಂದು 'ಬಿಡು, ಬೆಳೆಯಲಿ' ಪಕ್ಷ. ನಮ್ಮ ಅಜ್ಜ ಎರಡನೆಯದರ ಹಿರಿಯ ಮುಖಂಡರು.

"ಒಂದೂವರೆ ವರ್ಷದ ಮಗು ಅದು," ಅನ್ನುತ್ತಾರೆ, ಕಣ್ಣು ಒದ್ದೆ ಮಾಡಿಕೊಂಡು. "ಅದಕ್ಕೆ ಗುಂಡು ಹೊಡೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ?"

"ಹಾಗಾದ್ರೆ ಹೊಡೆಯೋದೇ ಇಲ್ವಾ?"

"ನಾಲ್ಕೂವರೆ ಆಗಲಿ, ಹೊಡೀತೀನಿ."

ನಮ್ಮ ಕಡೆ ಮಾರಿಗೆ ಬಿಟ್ಟ ಕೋಣ ಇರುತ್ತದಲ್ಲ, ಯಾರ ಗದ್ದೆಗೆ ನುಗ್ಗಿದರೂ ಯಾರೂ ಗದರುವುದಿಲ್ಲ, ಅದರ ನೆನಪಾಯಿತು. ಆದರೆ ಮಾರಿಹಬ್ಬದವರು ಒಂದು ವಿಷಯದಲ್ಲಿ ಪ್ರಾಮಾಣಿಕರು. ಕೋಣದ ಭವಿಷ್ಯಕ್ಕಾಗಿಯೇ ಇದೆಲ್ಲ ಮಾಡುತ್ತಿದ್ದೇವೆ ಅಂತ ಹೇಳಿಕೊಳ್ಳುವುದಿಲ್ಲ.

ಹಾಗಂತ ಈ ಪಕ್ಷ ಗಾಳಿಯಲ್ಲಿ ಹುಟ್ಟಿದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷಕ್ಕೆ ಇಳಿದಿತ್ತು. ರಕ್ಷಣೆ ಕೊಟ್ಟರು, ಇವತ್ತು ಸುಮಾರು 3 ಕೋಟಿ ಇವೆ. ನಡುವೆ ಒಂದು ಎಡವಟ್ಟಾಯಿತು. ಕೊಂಬಿದ್ದದ್ದನ್ನೆಲ್ಲ ಹೊಡೆದು ಹೆಣ್ಣನ್ನು ಬಿಡುತ್ತಾ ಬಂದರು. 1980ರ ದಶಕದ ಕೊನೆಗೆ ಸತ್ತ ಗಂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೂವರೆ ವರ್ಷದವು. ಹಿಂಡಿನಲ್ಲಿ ಬಲಿತ ಗಂಡು ಕಾಣುವುದೇ ಅಪರೂಪವಾಯಿತು. ಎಳೆಯವನ್ನು ಬಿಡಿ ಅಂತ 1995ರಲ್ಲಿ ಮಿಸಿಸಿಪ್ಪಿ ರಾಜ್ಯ ಕವಲಿನ ನಿಯಮ ತಂದಿತು, ಅಂದರೆ ಕೊಂಬಿನಲ್ಲಿ ಇಂತಿಷ್ಟು ಕವಲಿಲ್ಲದ ಗಂಡನ್ನು ಹೊಡೆಯುವಂತಿಲ್ಲ. ಪೆನ್ಸಿಲ್ವೇನಿಯಾದಲ್ಲಿ 2002ರಲ್ಲಿ ಬಂತು. ಅದನ್ನು ತಂದ ಜೀವಶಾಸ್ತ್ರಜ್ಞ ಗ್ಯಾರಿ ಆಲ್ಟ್ ಊರೂರು ತಿರುಗಿ ಭಾಷಣ ಮಾಡಿದರು. ಎಳೆಯ ಗಂಡನ್ನು ಬಿಡಿ, ಹೆಣ್ಣನ್ನು ಜಾಸ್ತಿ ಹೊಡೆಯಿರಿ ಅಂದರು. ಎರಡನೆಯ ಮಾತಿಗೆ ಜನ ಕೆರಳಿದರು. ಸಭೆಗಳಿಗೆ ಅವರು ಗುಂಡು ತೂರದ ಅಂಗಿ ತೊಟ್ಟು ಹೋಗುತ್ತಿದ್ದರೆಂದು ಆಗ ವರದಿಯಾಗಿತ್ತು. ಮರಿ ಜಿಂಕೆಗಾದರೂ ಕಾಯಿದೆಯ ರಕ್ಷಣೆ ಇತ್ತು. ಪಾಪ, ಆಲ್ಟ್ ಅವರ ಕೊಂಬು ಎಣಿಸುವವರು ಯಾರು?

ಈಗ ಆ ಕಾಯಿದೆಯ ಸೊಗಸು ನೋಡಿ. ಇಲ್ಲಿ ಬಹುತೇಕ ಕಡೆ ಒಂದು ಕೊಂಬಿಗೆ ಮೂರು ಕವಲು ಬೇಕು. ರಾಜ್ಯದ ಪಶ್ಚಿಮಕ್ಕೆ ಹೋದರೆ ಹುಬ್ಬಿನ ಹತ್ತಿರದ ಕವಲು ಲೆಕ್ಕಕ್ಕಿಲ್ಲ, ಅದನ್ನು ಬಿಟ್ಟು ಮೂರು. ಬೆಳಗಿನ ಜಾವ, ಮಂಜು, ಓಡುತ್ತಿರುವ ಜಿಂಕೆ, ಅಟ್ಟಣೆ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಿರುವ ಅಜ್ಜ. ಎಣಿಸಿ! ಇನ್ನು ಮಕ್ಕಳ ಲೈಸೆನ್ಸ್ ಇರುವವರಿಗೆ ರಿಯಾಯಿತಿ ಇದೆ. ಅವರಿಗೆ ಎರಡೇ ಕವಲು ಸಾಕು. ಕವಲೇ ಇಲ್ಲದ ಮೊಳಕೆ ಕೊಂಬು 3 ಇಂಚಿದ್ದರೂ ನಡೆಯುತ್ತದೆ. ಅಂದರೆ ಒಂದೇ ಅಟ್ಟಣೆಯಲ್ಲಿ ಅಜ್ಜ, ಮೊಮ್ಮಗ ಕೂತಿದ್ದಾರೆ ಅನ್ನಿ. ಎದುರಿಗೆ ನಿಂತ ಜಿಂಕೆ ಅಜ್ಜನ ಕಣ್ಣಿಗೆ ಮಗು. ಮಗುವಿನ ಕಣ್ಣಿಗೆ ದೊಡ್ಡವರು.

ಟೆಕ್ಸಸ್ಸಿನವರು ಎಣಿಸುವ ಕಷ್ಟ ಬೇಡ ಅಂತ ಅಳೆಯುವ ಕಷ್ಟ ಇಟ್ಟುಕೊಂಡರು. ಅಲ್ಲಿ ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಎರಡು ಕೊಂಬಿನ ನಡುವೆ ಒಳಗಿನಿಂದ 13 ಇಂಚು ಅಂತರ ಇರಬೇಕು. ಟೇಪು ಹಿಡಿಯುವವರು ಯಾರು? ಅದಕ್ಕೂ ಉಪಾಯ ಉಂಟು. ಜಿಂಕೆ ಬೆಚ್ಚಿ ಕಿವಿ ಅಗಲಿಸಿದಾಗ ಒಂದು ಕಿವಿ ತುದಿಯಿಂದ ಇನ್ನೊಂದಕ್ಕೆ ಸುಮಾರು 13 ಇಂಚು. ಕೊಂಬು ಕಿವಿಯಿಂದ ಆಚೆ ಇದ್ದರೆ ಪಾಸ್. ಹಾಗಾಗಿ ಜಿಂಕೆ ದಯವಿಟ್ಟು ನಿಮ್ಮ ಕಡೆ ಮುಖ ಮಾಡಿ, ಕಿವಿ ಅಗಲಿಸಿ, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಲ್ಲಬೇಕು. ಇನ್ನೊಂದು ತಮಾಷೆ. ಒಂದಾದರೂ ಕೊಂಬು ಕವಲೊಡೆಯದೆ ನೆಟ್ಟಗಿದ್ದರೆ ಅಲ್ಲಿ ಅಳತೆಯೂ ಬೇಡ, ಹೊಡೆಯಬಹುದು. ಕವಲಿಲ್ಲದ ಎಳೆಯ ಕೊಂಬು ಪೆನ್ಸಿಲ್ವೇನಿಯಾದಲ್ಲಿ ದೊಡ್ಡವರ ಕೋವಿಯಿಂದ ಪ್ರಾಣ ಉಳಿಸುತ್ತದೆ, ಟೆಕ್ಸಸ್ಸಿನಲ್ಲಿ ಪ್ರಾಣ ತೆಗೆಯುತ್ತದೆ. ಎಲ್ಲಿ ಹುಟ್ಟಿದೆ ಅನ್ನುವುದೇ ಜಾತಕ.

ಕೊಂಬು ನಂಬಬೇಡಿ, ವಯಸ್ಸು ನೋಡಿ ಅನ್ನುವ ಪಂಡಿತರೂ ಇದ್ದಾರೆ. ವಯಸ್ಸಾದ ಗಂಡಿನ ಲಕ್ಷಣಗಳು ಹೀಗಂತೆ: ಹೊಟ್ಟೆ ಜೋತಿರುತ್ತದೆ, ಬೆನ್ನು ಬಾಗಿರುತ್ತದೆ, ಕುತ್ತಿಗೆ ಎಲ್ಲಿ ಮುಗಿಯಿತು ಎದೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಇದನ್ನು ಓದಿದ ದಿನದಿಂದ ನಾನು ನವೆಂಬರಿನಲ್ಲಿ, ಜಿಂಕೆ ಅಂತ ಯಾರೂ ಗುಂಡು ಹೊಡೆಯದಿರಲೆಂದು ತೊಡುವ ಕಿತ್ತಳೆ ಜಾಕೆಟ್ ಇಲ್ಲದೆ ಮನೆ ಹೊರಗೆ ಕಾಲಿಡುತ್ತಿಲ್ಲ. ಇದಕ್ಕಿಂತ ಭರವಸೆಯ ದಾರಿ ಹಲ್ಲು ಸವೆದದ್ದನ್ನು ನೋಡುವುದು. ಬರ್ತ್ ಸರ್ಟಿಫಿಕೇಟು ಬಾಯೊಳಗಿದೆ. ಬಾಯಿ ತೆರೆಸಬೇಕಾದರೆ ಮೊದಲು ಕೊಲ್ಲಬೇಕು, ಅಷ್ಟೇ.

ಇಷ್ಟೆಲ್ಲ ಯಾತಕ್ಕೆ ಅಂದರೆ ಗೋಡೆಗೆ ಕೊಂಬು ನೇತುಹಾಕಲು. ಬೂನ್ ಆಂಡ್ ಕ್ರಾಕೆಟ್ ಅಂತ ಒಂದು ಕ್ಲಬ್ ಇದೆ. 1887ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಶುರುಮಾಡಿದ್ದು. ಕಾಡು, ವನ್ಯಜೀವಿ ಉಳಿಸಲು ನಿಜಕ್ಕೂ ಕೆಲಸ ಮಾಡಿದ ಸಂಸ್ಥೆ. ಆದರೆ ನಮ್ಮ ಅಜ್ಜನಿಗೆ ಗೊತ್ತಿರುವುದು ಅದರ ಅಂಕಪಟ್ಟಿ ಮಾತ್ರ. ಕೊಂಬನ್ನು 60 ದಿನ ಒಣಗಿಸಬೇಕು, ಆಮೇಲೆ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯಬೇಕು. ಎಡಗೊಂಬು ಬಲಗೊಂಬಿಗೆ ಹೊಂದದಿದ್ದರೆ ಅಂಕ ಕಡಿತ. ವಧು-ವರರ ಜಾತಕ ನೋಡುವವರೂ ಇಷ್ಟು ಖಡಕ್ ಅಲ್ಲ. ಜಿಂಕೆಗಾದರೋ ಈ ಆಸ್ತಿಯ ಮೇಲೆ ಒಂಚೂರೂ ಮೋಹ ಇಲ್ಲ. ಚಳಿಗಾಲ ಮುಗಿಯುವುದರೊಳಗೆ ಎರಡೂ ಕೊಂಬು ಉದುರಿಸಿ ಹೋಗುತ್ತದೆ, ಮುಂದಿನ ವರ್ಷ ಹೊಸದು.

ಬಿಟ್ಟ ಜಿಂಕೆ ಬೆಳೆಯುತ್ತದಾ? ಬೆಳೆಯುತ್ತದೆ, ಆದರೆ ನಿಮ್ಮ ಜಮೀನಿನಲ್ಲೇ ಅಂತೇನಿಲ್ಲ. ಆ ವಯಸ್ಸಿನ ಗಂಡುಗಳಲ್ಲಿ ಬಹಳಷ್ಟು ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ವಲಸೆ ಹೋಗುತ್ತವೆ. ಬೇಲಿಯಾಚೆಯವನು 'ಕಂದು ಕಂಡರೆ ಕೆಡವು' ಪಕ್ಷದವನಾದರೆ ನಿಮ್ಮ ತ್ಯಾಗ ಅವನ ಫ್ರೀಜರಿನಲ್ಲಿ. ಅದಕ್ಕೇ ಬೇಲಿ ಈಚೆಯವನು 'ನಾನು ಬಿಟ್ಟರೆ ಅವನು ಹೊಡೀತಾನೆ' ಅಂತ ತಾನೇ ಹೊಡೆಯುತ್ತಾನೆ. ಬೇಲಿ ಆಚೆಯವನದ್ದೂ ಅದೇ ಮಾತು. ಇಬ್ಬರ ಮಾತೂ ನಿಜ!

ಈಗ ಮೇಲಿಂದ ಒಂದು ಕಾಯಿಲೆ ಬಂದು ಕೂತಿದೆ. ಜಿಂಕೆಯ ಮಿದುಳು ಕರಗಿಸಿ, ಸೊರಗಿಸಿ ಕೊಲ್ಲುವ ಸಿಡಬ್ಲ್ಯುಡಿ, ಅಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡದ್ದು, 2012ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಇದು ಬಲಿತ ಗಂಡುಗಳಲ್ಲೇ ಜಾಸ್ತಿ. ಮಿಸೌರಿಯವರು ಕಾಯಿಲೆ ಇರುವ ಕೌಂಟಿಗಳಲ್ಲಿ ಕವಲಿನ ನಿಯಮವನ್ನೇ ತೆಗೆದುಹಾಕಿದರು. ಇಷ್ಟು ವರ್ಷ 'ಬಿಡು, ಬೆಳೆಯಲಿ' ಅಂತ ಜಪ ಮಾಡಿಸಿ, ಈಗ ಬೆಳೆಯೋಕೆ ಬಿಡಬೇಡಿ ಅನ್ನುತ್ತಿದ್ದಾರೆ. ಅಜ್ಜನ ಮುಂದೆ ಈ ಸುದ್ದಿ ಎತ್ತಿದರೆ ಅವರ ಶ್ರವಣಯಂತ್ರದ ಬ್ಯಾಟರಿ ಮುಗಿದುಹೋಗುತ್ತದೆ.

ಹೆಣ್ಣು ಜಿಂಕೆಯ ವಯಸ್ಸಿನ ಬಗ್ಗೆ ಮಾತ್ರ ಯಾವ ಪಕ್ಷವೂ ಜಗಳ ಆಡಿದ್ದು ನಾನು ಕಾಣೆ. ಹಿಂಡು ಹೆಚ್ಚುವುದು, ತಗ್ಗುವುದು ಅದರಿಂದಲೇ. ಆದರೆ ಗೋಡೆಗೆ ಹಾಕಲು ಏನಿದೆ? ಹೆಂಗಸರ ವಯಸ್ಸು ಕೇಳಬಾರದು ಅನ್ನುವ ಸಭ್ಯತೆಯೂ ಇರಬಹುದು.

ಹೋದ ಸೀಸನ್ನಿನ ಕಥೆ ಹೇಳಿಬಿಡುತ್ತೇನೆ. ಆಗಸ್ಟಿನಿಂದ ಅಜ್ಜ ಕಾಡುದಾರಿಯಲ್ಲಿ ಕಟ್ಟಿಟ್ಟ ಟ್ರೇಲ್ ಕ್ಯಾಮೆರಾದಲ್ಲಿ ಒಂದು ಎಳೆಯ ಗಂಡು ಜಿಂಕೆ ಕಾಣಿಸುತ್ತಿತ್ತು. ಒಂದು ಕಡೆಗೆ ಎರಡು ಕವಲು. ಅದಕ್ಕೆ ಬಸ್ಟರ್ ಅಂತ ಹೆಸರಿಟ್ಟರು. ಬೆಳಗಿನ ಕಾಫಿಗೆ ಬಂದಾಗಲೆಲ್ಲ ನನಗೆ ಅದರ ಫೋಟೋ ದರ್ಶನ. ಇನ್ನು ಮೂರು ವರ್ಷಕ್ಕೆ ಹತ್ತು ಕವಲಾಗುತ್ತದೆ ಅಂತ ಸೋಫಾ ಮೇಲಿನ ಗೋಡೆ ಖಾಲಿ ಮಾಡಿಸಿ, ಹೆಂಡತಿಯ ಮದುವೆ ಫೋಟೋವನ್ನು ಹಜಾರದಿಂದ ಓಣಿಗೆ ಸಾಗಿಸಿದರು. ಶನಿವಾರ ಸೀಸನ್ ಶುರುವಾಯಿತು. ಮೊಮ್ಮಗನಿಗೆ ಹದಿಮೂರು, ಮಕ್ಕಳ ಲೈಸೆನ್ಸು. ಬಸ್ಟರ್ ನನ್ನ ಹಿತ್ತಲು ಬಿಟ್ಟು ಕಾಡಿನ ಕಡೆ ನಡೆಯಿತು. ಅಜ್ಜ ಅಟ್ಟಣೆಯಿಂದ ಪ್ರೀತಿಯಿಂದ ಅದಕ್ಕೆ ಕೈ ಬೀಸುತ್ತಿದ್ದರಂತೆ. ಪಕ್ಕದಲ್ಲೇ ಢಂ ಅಂತ ಸದ್ದಾಯಿತು.

"ನಿಮಗೆ ಮಗು ಅಜ್ಜ, ನನಗಲ್ಲ," ಅಂದನಂತೆ ಹುಡುಗ. ಕಾಯಿದೆ ಪುಸ್ತಕ ಜೇಬಲ್ಲೇ ಇತ್ತು.

ಮೂರು ದಿನ ಅಜ್ಜ ಮನೆಯಿಂದ ಹೊರಬರಲಿಲ್ಲ. ನಾಲ್ಕನೇ ದಿನ ಬಿಳಿ ಕಾಗದ ಸುತ್ತಿದ ಪೊಟ್ಟಣ ಹಿಡಿದು ಬಾಗಿಲಿಗೆ ಬಂದರು. ನಾವು ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತು.

"ಬಸ್ಟರಾ?" ಅಂದೆ, ಮೆಲ್ಲಗೆ.

"ಹೂಂ. ಯಾರಾದರೂ ಗೆಳೆಯರಿಗೆ ಕೊಡಿ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಚೆ ಈಚೆ ನೋಡಿ, ದನಿ ತಗ್ಗಿಸಿದರು. "ಎಳೇದು ನೋಡಿ, ಬಾಯಲ್ಲಿಟ್ಟರೆ ಕರಗುತ್ತೆ. ಬಲಿತದ್ದಾಗಿದ್ದರೆ ಚಪ್ಪಲಿ ಅಗಿದ ಹಾಗಿರೋದು."