ಚೀಲ ಕಾಯುವ ಕೆಲಸ

ನಮ್ಮ ಕಲಬುರಗಿಯ ಓಟದ ಗುಂಪಿನಲ್ಲಿ ಓಡುವವರು ಇಪ್ಪತ್ತೆರಡು ಜನ, ಚೀಲ ಕಾಯುವವನು ಒಬ್ಬ. ಆ ಒಬ್ಬ ನಾನು.

ಈ ಕೆಲಸಕ್ಕೆ ನನ್ನನ್ನು ಯಾರೂ ಆರಿಸಲಿಲ್ಲ. ಆರು ವರ್ಷಗಳ ಹಿಂದೆ ಡಾಕ್ಟರು ನನ್ನ ಹೆಂಡತಿಗೆ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದರು. ಪಕ್ಕದಲ್ಲಿ ಕುಳಿತ ತಪ್ಪಿಗೆ ನನಗೂ ಅದನ್ನೇ ಹೇಳಿದರು. ನಾನು ಇಂದಿಗೂ ನಡೆಯುತ್ತಲೇ ಇದ್ದೇನೆ. ಆಕೆ ನಡೆದು ನಡೆದು ಬೇಸರವಾಗಿ ಓಡತೊಡಗಿದಳು. ಮೊದಮೊದಲು ಅಪ್ಪನ ಕೆರೆಯ ಸುತ್ತ, ಆಮೇಲೆ ವಿಶ್ವವಿದ್ಯಾಲಯದ ಆವರಣದಲ್ಲಿ, ಅನಂತರ ಬುದ್ಧ ವಿಹಾರವನ್ನು ದಾಟಿ ಸೇಡಂ ರಸ್ತೆಯಲ್ಲಿ ಹೀಗೆ ಅವಳ ಓಟ ಬೆಳೆಯಿತು. ಒಂದು ದಿನ ಹಾಲಿನ ಗಾಡಿಯ ಹಿರಿಯರೊಬ್ಬರು ಗಾಬರಿಯಿಂದ ಗಾಡಿ ನಿಲ್ಲಿಸಿ, "ಯಾಕವ್ವಾ, ಏನಾಗ್ಯಾದ? ದವಾಖಾನಿಗಿ ಹೊಂಟಿಯೇನು? ಕೂಡು, ಬಿಡ್ತೀನಿ" ಎಂದರಂತೆ. "ಇಲ್ರಿ ಕಾಕಾ, ಸುಮ್ನ ಓಡ್ಲತ್ತೀನಿ" ಎಂದಳಂತೆ ಇವಳು. ಸುಮ್ಮನೆ ಓಡುವವರನ್ನು ತಮ್ಮ ಜನ್ಮದಲ್ಲಿ ಕಂಡಿರದ ಆ ಹಿರಿಯರು ಅರ್ಧ ಕಿಲೋಮೀಟರಿನಷ್ಟು ದೂರ ಅವಳ ಪಕ್ಕದಲ್ಲೇ ಮೆಲ್ಲಗೆ ಗಾಡಿ ನಡೆಸಿಕೊಂಡು ಬಂದರಂತೆ.

ಗುಂಪಿನಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಲೈನ್‌ಮನ್ ಒಬ್ಬನಿದ್ದಾನೆ, ಬಟ್ಟೆ ಅಂಗಡಿಯ ಸಾಹುಕಾರರಿದ್ದಾರೆ, ಶಾಲಾ ಮೇಡಮ್ಮುಗಳಿದ್ದಾರೆ. ಇವರ ಓಟದ ವಿಷಯ ನನಗೆ ತಿಳಿದಿರುವುದೆಲ್ಲ ಇವರ ಚೀಲಗಳಿಂದ. ಹೆಂಡತಿಯ ಚೀಲವೊಂದನ್ನೇ ಹಿಡಿದು ನಿಂತಿದ್ದವನಿಗೆ, "ಹೆಂಗೂ ನಿಂತೀರಲ್ಲ ಸರ" ಎಂದು ಒಬ್ಬೊಬ್ಬರೂ ತಮ್ಮದನ್ನು ಒಪ್ಪಿಸುತ್ತ ಹೋಗಿ, ಈಗ ನಾನು ನಿಂತ ಜಾಗವು ಬಸ್ ನಿಲ್ದಾಣದಂತೆ ಕಾಣುತ್ತದೆ. ಚೀಲದಲ್ಲಿ ಚಪ್ಪಲಿ, ಟಾವೆಲ್ಲು, ಎದೆಗೆ ನಂಬರು ಚುಚ್ಚಿಕೊಂಡು ಉಳಿದ ಪಿನ್ನುಗಳು, ತೊಡೆ ಉಜ್ಜಿ ಗಾಯವಾಗದಂತೆ ಹಚ್ಚುವ ವ್ಯಾಸಲೀನು, ಉತ್ತತ್ತಿ, ಬಾಳೆಹಣ್ಣು ಇರುತ್ತವೆ. ಡಾಕ್ಟರ ಚೀಲದಲ್ಲಿ ಪುಟ್ಟ ಪೊಟ್ಟಣಗಳಲ್ಲಿ ಜೆಲ್ ಎಂಬ ಅಂಟು ಪದಾರ್ಥವಿರುತ್ತದೆ. ಒಮ್ಮೆ ರುಚಿ ನೋಡಿದೆ, ಕೆಮ್ಮಿನ ಔಷಧಿಗೆ ಪಾಕ ಬೆರೆಸಿದಂತಿತ್ತು. ಸಾಹುಕಾರರದು ಮಾತ್ರ ಸ್ಟೀಲಿನ ಡಬ್ಬಿ. ಅದರೊಳಗೆ ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ. ಗುಂಪಿನಲ್ಲಿ ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟುವವರು ಅವರೇ ಆದರೂ, ಅದಕ್ಕೂ ಹೋಳಿಗೆಗೂ ಸಂಬಂಧವಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮ್ಯಾರಥಾನಿನಲ್ಲಿ ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಅನೇಕರ ಕಾಲು ಒಮ್ಮೆಲೇ ಸೋಲುತ್ತವೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹವು ಕೂಡಿಟ್ಟುಕೊಂಡ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಅಷ್ಟು ಹೊತ್ತಿಗೆ ತೀರುತ್ತ ಬಂದಿರುತ್ತದೆಯಂತೆ. ಡಾಕ್ಟರು ಇದನ್ನು ಚಿತ್ರ ಬರೆದು ವಿವರಿಸುತ್ತಾರೆ. ಸಾಹುಕಾರರು "ಗಲ್ಲಾ ಖಾಲಿ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಗುಂಪಿನಲ್ಲಿ ಈಗ ನಡೆಯುವುದು ಸಾಹುಕಾರರ ಮಾತೇ.

ಅಷ್ಟಕ್ಕೂ ಮ್ಯಾರಥಾನಿನ ದೂರ 42.195 ಕಿಲೋಮೀಟರ್ ಎಂಬ ಈ ಲೆಕ್ಕದಲ್ಲಿ ದೇವರ ಇಚ್ಛೆಯಾಗಲಿ ವೈದ್ಯಶಾಸ್ತ್ರವಾಗಲಿ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವು ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯುವಂತೆ ದಾರಿ ಅಳೆದಾಗ ಬಂದ ಲೆಕ್ಕವದು. ಮುಂದೆ 1921ರಲ್ಲಿ ಅದನ್ನೇ ಕಾಯಂ ಮಾಡಿದರು. ರಾಣಿಯ ಕುರ್ಚಿಯನ್ನು ನಾಲ್ಕು ಹೆಜ್ಜೆ ಈಚೆಗೆ ಹಾಕಿದ್ದರೆ ನಾನು ಚೀಲ ಹಿಡಿದು ನಿಲ್ಲುವ ಹೊತ್ತು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.

ಈ ಲೆಕ್ಕಗಳನ್ನೆಲ್ಲ ನನ್ನ ತಾಯಿಗೆ ಹೇಳಿದರೆ ಆಕೆ ಕವಳ ಜಗಿಯುವುದನ್ನು ನಿಲ್ಲಿಸುವುದಿಲ್ಲ. ಸೀಗಿ ಹುಣ್ಣಿಮೆಗೆ ನಮ್ಮ ಭಾಗದ ಜನ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವ ಪದ್ಧತಿ ಬಹಳ ಹಿಂದಿನದು. ನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯನ್ನು ಆಕೆ ಒಂಬತ್ತು ಸಲ ನಡೆದವಳು, ಅದರಲ್ಲಿ ಹೆಚ್ಚಿನ ಸಲ ಬರಿಗಾಲಿನಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿದ್ದು 1984ರಲ್ಲಿ, ಅಲ್ಲಿಯವರೆಗೆ ಅಷ್ಟು ದೂರ ಅವರ ದೇಹಕ್ಕೆ ಆಗದೆಂದು ದೊಡ್ಡ ದೊಡ್ಡವರು ತಿಳಿದಿದ್ದರು ಎಂದೆ. "ಅವರು ಒಮ್ಮೆ ಸೀಗಿ ಹುಣ್ಣಿವಿಗಿ ಬಂದು ನೋಡಬೇಕಾಗಿತ್ತು" ಎಂದಳು. ಆಕೆಗೆ ಒಂದೇ ತಕರಾರು. ತುಳಜಾಪುರದ ದಾರಿಯಲ್ಲಿ ಊರೂರಿನವರು ನಿಂತು ಚಹಾ ಕೊಡುತ್ತಾರೆ, ಅನ್ನ ಹಾಕುತ್ತಾರೆ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಯಾರೂ ಒಂದು ಪೈಸೆ ಕೇಳುವುದಿಲ್ಲ. ಅಂಥದ್ದರಲ್ಲಿ ಸೊಸೆ ರೊಕ್ಕ ಕಟ್ಟಿ ಓಡುತ್ತಾಳಲ್ಲ ಎಂಬುದು. ಈ ತಕರಾರಿಗೆ ಗುಂಪಿನ ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಇನ್ನೂ ಉತ್ತರ ಕೊಟ್ಟಿಲ್ಲ.

ಬೇಸಿಗೆ ಬಂತೆಂದರೆ ಇವರ ಓಟ ನಸುಕಿನ ನಾಲ್ಕೂವರೆಗೆ ಶುರುವಾಗುತ್ತದೆ. ಮೇ ತಿಂಗಳಲ್ಲಿ ಹಗಲು ನಲವತ್ತೆರಡು ಡಿಗ್ರಿ ದಾಟುವ ನಮ್ಮೂರಿನಲ್ಲಿ ಮನೆಯ ಶಹಾಬಾದ ಫರಸಿ ನಡುರಾತ್ರಿಯವರೆಗೆ ಕಾವು ಬಿಡುತ್ತಲೇ ಇರುತ್ತದೆ. ಅದು ತಣ್ಣಗಾಗುವ ಹೊತ್ತಿಗೆ ಇವರು ಏಳಬೇಕು. ಇಂಥ ಬಿಸಿಲಿನಲ್ಲಿ ಪಳಗಿದವರಿಗೆ ಬೇರೆ ಊರಿನ ಓಟ ಯಾವ ಲೆಕ್ಕ ಎಂಬ ಹಮ್ಮು ಗುಂಪಿಗಿತ್ತು. ಅದನ್ನು ಇಳಿಸಿದ್ದು ಗೋವಾ. ನಮ್ಮ ಒಣಹವೆಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿ, ಹೋಗುವಾಗ ಮೈಯ ಕಾವನ್ನೂ ಒಯ್ಯುತ್ತದೆ. ಅಂಗಿಯ ಮೇಲೆ ಉಪ್ಪಿನ ಗೆರೆಗಳಷ್ಟೇ ಉಳಿಯುತ್ತವೆ. ಕಡಲತೀರದ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಸುಮ್ಮನೆ ಇಳಿದು ಬೂಟು ಸೇರುತ್ತದೆ, ಮೈ ಮಾತ್ರ ಕುದಿಯುತ್ತಲೇ ಇರುತ್ತದೆ.

ಗೋವಾದಲ್ಲಿ 2019ರಿಂದ ನಡೆಯುತ್ತಿರುವ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನಿಗೆ ಇವರು ಹೋಗಿದ್ದರು. 1.9 ಕಿಲೋಮೀಟರ್ ಸಮುದ್ರದಲ್ಲಿ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಓಡಬೇಕು; ಎಲ್ಲವನ್ನೂ ಮೈಲಿಯಲ್ಲಿ ಕೂಡಿದರೆ 70.3. ಮೂವರು ಹಂಚಿಕೊಂಡು ಮಾಡಲು ರಿಲೇ ಎಂಬ ಅನುಕೂಲವಿದೆ. ಈಜಿಗೆ ನಮ್ಮ ಲೈನ್‌ಮನ್, ಸೈಕಲ್ಲಿಗೆ ಡಾಕ್ಟರು, ಓಟಕ್ಕೆ ನನ್ನ ಹೆಂಡತಿ ಎಂದು ಗೊತ್ತಾಯಿತು. ಲೈನ್‌ಮನ್ ಅಫಜಲಪುರ ಕಡೆಯವನು, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಸಲು ಕಲಿತವನು. ಮೆಟ್ಟಿಲ ಮೇಲಿನಿಂದ ಜಿಗಿಯುವುದರಲ್ಲಿ, ತಳ ಮುಟ್ಟಿ ಮಣ್ಣು ತರುವುದರಲ್ಲಿ ಅವನಿಗೆ ಸಮನಿಲ್ಲ. ಆದರೆ ಹತ್ತು ಮೀಟರಿನ ಬಾವಿಯಲ್ಲಿ 1.9 ಕಿಲೋಮೀಟರ್ ಆಗಬೇಕಾದರೆ ಈ ಗೋಡೆಯಿಂದ ಆ ಗೋಡೆಗೆ ನೂರಾತೊಂಬತ್ತು ಸಲ ಹೋಗಬೇಕು. ಸಮುದ್ರಕ್ಕೋ ಗೋಡೆಯೇ ಇಲ್ಲ. ನೇರ ಹೋಗುತ್ತಿದ್ದೇವೆಯೇ ಎಂದು ತಿಳಿಯಲು ಆಗಾಗ ತಲೆಯೆತ್ತಿ, ನೀರ ಮೇಲೆ ತೇಲಿಬಿಟ್ಟ ಬುರುಡೆಯಂಥ ಗುರುತನ್ನು ನೋಡುತ್ತಿರಬೇಕು. ತಲೆಯೆತ್ತಿದಾಗಲೆಲ್ಲ ಅಲೆಯೊಂದು ಬಂದು ಬಾಯಿ ತುಂಬುತ್ತದೆ. "ನಮ್ಮ ಬಾವಿ ನೀರು ಸಿಹಿ ಅದಾವ್ರೀ" ಎಂದಷ್ಟೇ ಹೇಳಿ ಅವನು ದಡಕ್ಕೆ ಬಂದು ಕುಸಿದ. ಶ್ರೀಶೈಲದ ಕಂಬಿ ಹೊತ್ತವರು ದಾರಿಯಲ್ಲಿ ಹೆಗಲು ಬದಲಿಸುವಂತೆ, ಅವನ ಕಾಲಿಗೆ ಕಟ್ಟಿದ್ದ ಸಮಯ ಅಳೆಯುವ ಪಟ್ಟಿ ಡಾಕ್ಟರ ಕಾಲಿಗೆ ಬಂತು, ಅವರಿಂದ ನನ್ನ ಹೆಂಡತಿಗೆ. ಪಟ್ಟಿ ಬಿಚ್ಚಿ ಕಟ್ಟುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಮದುವೆಗೆ ಹೊರಡಲು ಎರಡು ಗಂಟೆ ಸೀರೆ ಆರಿಸುವವಳು ಅಲ್ಲಿ ಅರ್ಧ ನಿಮಿಷದಲ್ಲಿ ಹೊರಟಳೆಂದು ಡಾಕ್ಟರು ಹೇಳಿದರು. ನಾನು ನೋಡಲಿಲ್ಲ, ಚೀಲಗಳ ಹತ್ತಿರ ಇದ್ದೆ.

ನಾನು ಯಾವ ಓಟದ ಕೊನೆಯನ್ನೂ ಕಂಡವನಲ್ಲ. ಗುರಿಯ ಗೆರೆ ಒಂದು ಕಡೆ ಇದ್ದರೆ ಚೀಲಗಳ ಜಾಗ ಇನ್ನೊಂದು ಕಡೆ ಇರುತ್ತದೆ. ಕಳೆದ ಜನವರಿಯಲ್ಲಿ ಮುಂಬಯಿ ಮ್ಯಾರಥಾನಿಗೆ ಹೋದಾಗಲೂ ಹಾಗೆಯೇ ಆಯಿತು. ಅಲ್ಲಿ ಓಡುವವರ ಚೀಲ ಇಟ್ಟುಕೊಳ್ಳುವ ಏರ್ಪಾಡು ಇದ್ದೇ ಇದೆ. ಆದರೆ ನಮ್ಮವರಿಗೆ ಮುಂಬಯಿಯ ಮೇಲೆ ನಂಬಿಕೆ ಇಲ್ಲ, ನನ್ನ ಮೇಲೆ ಇದೆ. ಬಾಂದ್ರಾ-ವರಳಿ ಸಮುದ್ರಸೇತುವೆ ದಾಟಿ, ಕೊನೆಯ ಹಂತದಲ್ಲಿ ಪೆಡ್ಡರ್ ರಸ್ತೆಯ ಏರು ಹತ್ತಿ ಒಬ್ಬೊಬ್ಬರಾಗಿ ಬಂದರು, ಕೊರಳಲ್ಲಿ ಪದಕ, ಇಳಿಯುವ ಮೆಟ್ಟಿಲು ಕಂಡರೆ ಮುಖದಲ್ಲಿ ಭಯ. ಚೀಲ ತೆಗೆದುಕೊಂಡು ಊಟಕ್ಕೆ ಹೋದರು. ಹೆಂಡತಿಯನ್ನೂ ಕಳಿಸಿದೆ. ಒಂದೇ ಚೀಲ ಉಳಿಯಿತು.

ಸಾಹುಕಾರರು ಬಂದಾಗ ಬಿಸಿಲು ನೆತ್ತಿಗೇರಿತ್ತು. ನೆಲದ ಮೇಲೆ ಕುಳಿತು, ಚಪ್ಪಲಿಯನ್ನೂ ಕೇಳದೆ, ಮೊದಲು ಡಬ್ಬಿ ತೆಗೆದರು. "ತಗೋರಿ ಸರ, ನೀವೂ ನಸುಕಿನಿಂದ ನಿಂತೀರಿ" ಎಂದು ಒಂದು ಹೋಳಿಗೆಯನ್ನು ನನ್ನ ಕೈಗೆ ಹಾಕಿದರು. ಆಮೇಲೆ ಡಬ್ಬಿಯೊಳಗೆ ಇನ್ನೊಮ್ಮೆ ಇಣುಕಿ, ಅಂಗಡಿಯ ಲೆಕ್ಕ ತಾಳೆಯಾಗದಾಗ ನೋಡುವಂತೆ ನೋಡಿ, "ಮನಿಯಾಗ ಆರು ಕಟ್ಟಿದ್ರಲ್ಲ?" ಎಂದರು. ನಾನು ರೈಲಿನ ಹೊತ್ತಾಯಿತೆಂದು ಅವರ ಚಪ್ಪಲಿ ಹುಡುಕತೊಡಗಿದೆ.